ಎರಡೂವರೆ ಗಂಟೆಯ ಬಸ್ಸು

ನಮ್ಮ ಓಟದ ಗುಂಪಿಗೆ ಒಂದು ಲೆಕ್ಕದ ಪುಸ್ತಕ ಇದೆ. ಇನ್ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ಕು. ಯಾರು ಯಾವ ರೇಸಿಗೆ ಹೋದರು, ಎಷ್ಟು ದೂರ, ಎಷ್ಟು ಹೊತ್ತು, ಎಲ್ಲವನ್ನೂ ಅದರಲ್ಲಿ ಬರೆದಿಡುವುದು ನನ್ನ ಕೆಲಸ. ನಾನು ಮೈಸೂರಿನ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಸ್ಕೇಲು ಹಿಡಿದು ಕಾಲಂ ಹಾಕುವುದು ಕೈಗೆ ಅಂಟಿಬಿಟ್ಟಿದೆ. ಕೊನೆಯ ಕಾಲಮ್ಮಿಗೆ ಆಫೀಸಿನ ಅಭ್ಯಾಸದ ಮೇಲೆ 'ಷರಾ' ಅಂತ ಬರೆದೆ. ಎಲ್ಲರೂ ನಕ್ಕರು. ಈಗ ಪುಸ್ತಕ ಕೈಗೆ ಸಿಕ್ಕರೆ ಮೊದಲು ಓದುವುದು ಅದನ್ನೇ.

ಗುಂಪು ಅಂದರೆ ಮೂವತ್ತು ಜನ. ಬೆಳಿಗ್ಗೆ ಐದೂಕಾಲಿಗೆ ನಿಜವಾಗಿ ಬರುವವರು ಹದಿನೈದು. ಮಂಗಳವಾರ ಚಾಮುಂಡಿ ವಿಹಾರ ಕ್ರೀಡಾಂಗಣದ ಟ್ರ್ಯಾಕು, ಗುರುವಾರ ಬೆಟ್ಟ, ಭಾನುವಾರ ಲಾಂಗ್ ರನ್. ಬೆಟ್ಟಕ್ಕೆ ಸಾವಿರಕ್ಕೂ ಮೇಲೆ ಮೆಟ್ಟಿಲು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಹಾಕಿಸಿದ್ದು. ಮೊದಲ ಮುನ್ನೂರು ಮೆಟ್ಟಿಲಿನಲ್ಲೇ ಎಲ್ಲರ ಮಾತೂ ನಿಲ್ಲುತ್ತದೆ. ನಂದಿಯ ಹತ್ತಿರ ಬಂದಾಗ ಉಸಿರು ವಾಪಸ್ಸು ಬರುತ್ತದೆ, ಅದರ ಹಿಂದೆಯೇ ರಾಜಕೀಯ ಶುರುವಾಗುತ್ತದೆ.

2025ರ ಮೊದಲ ಪುಟ ಬ್ಯಾಂಕಿನ ಅಂಕಲ್‌ದು. ಬ್ಯಾಂಕಿನಿಂದ ನಿವೃತ್ತರಾಗಿ ಒಂದು ವರ್ಷ ಆಗಿತ್ತು, ಅರವತ್ತೊಂದು ವಯಸ್ಸು. ಜನವರಿ 19ರಂದು ಮುಂಬೈ ಮ್ಯಾರಥಾನ್ ಓಡಿದರು. ಪೂರ್ತಿ 42.195 ಕಿಲೋಮೀಟರು, 4 ಗಂಟೆ 52 ನಿಮಿಷ. ಬೇರೆ ದಿನ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ ನಡೆದು ಹೋಗಲು ಬಿಡುವುದಿಲ್ಲ. ಅವತ್ತು ಮಾತ್ರ ಓಡುವವರಿಗೆ ಆ ಸೇತುವೆ. ಅಂಕಲ್‌ಗೆ ಅದೇ ದೊಡ್ಡ ಖುಷಿ. ಆದರೆ ಮೂವತ್ತೈದು ಕಿಲೋಮೀಟರ್ ದಾಟಿದ ಮೇಲೆ ಪೆದ್ದರ್ ರೋಡಿನ ಏರು ಬರುತ್ತದಲ್ಲ, ಅಲ್ಲಿ ಕಾಲು ಕೈಕೊಟ್ಟಿತಂತೆ. ರಸ್ತೆ ಬದಿಯಲ್ಲಿ ನಿಂತಿದ್ದ ಗುರುತು ಪರಿಚಯ ಇಲ್ಲದ ಜನ ಕಿತ್ತಳೆ ಸುಲಿದು ಕೊಟ್ಟರಂತೆ. ಷರಾ ಅವರೇ ಹೇಳಿ ಬರೆಸಿದರು: 'ಪೆದ್ದರ್ ರೋಡಿನಲ್ಲಿ ಕಿತ್ತಳೆ ತೊಳೆ 6, ಚಿಕ್ಕಿ 2, ಅಳು 1.'

ಏಪ್ರಿಲ್ 27ಕ್ಕೆ ಬೆಂಗಳೂರಿನ ವರ್ಲ್ಡ್ ಟೆನ್‌ಕೆ, ಅಂದರೆ ಹತ್ತು ಕಿಲೋಮೀಟರಿನ ರೇಸು. ನಮ್ಮವರು ಹನ್ನೊಂದು ಜನ ಹೋಗಿದ್ದೆವು. ಗುಂಪಿನ ಟೈಲರ್ 46 ನಿಮಿಷದಲ್ಲಿ ಮುಗಿಸಿದರು, ನಮ್ಮಲ್ಲಿ ಅದು ದೊಡ್ಡ ಸುದ್ದಿ. ಅದಕ್ಕಿಂತ ದೊಡ್ಡ ಸುದ್ದಿ ಹೂವಿನಕ್ಕ. ಹೂವು ಮಾರುವವರು, ನಲವತ್ತಾರು ವಯಸ್ಸು. ಮೂರೂವರೆಗೆ ಎದ್ದು ದೇವರಾಜ ಮಾರುಕಟ್ಟೆಯಿಂದ ಹೂವು ತಂದು, ಮಗಳನ್ನು ಅಂಗಡಿಯಲ್ಲಿ ಕೂರಿಸಿ ಓಡಲು ಬರುತ್ತಾರೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿಯುತ್ತಾರೆ. ಅವರ ಮೊದಲ ಹತ್ತು ಕಿಲೋಮೀಟರ್ ರೇಸು ಅದು, 1 ಗಂಟೆ 21 ನಿಮಿಷ. ಹಲಸೂರು ಕೆರೆ ಪಕ್ಕ ನಿಂತು ಎರಡು ಫೋಟೋ ತೆಗೆಸಿಕೊಂಡಿದ್ದೂ ಅದರಲ್ಲೇ ಸೇರಿದೆ. ಅದೇ ದಿನ ಗಂಡಸರ ರೇಸು ಗೆದ್ದದ್ದು ಉಗಾಂಡದ ಜೋಶುವಾ ಚೆಪ್ಟೆಗೈ. ಟ್ರ್ಯಾಕಿನ ಮೇಲೆ ಹತ್ತು ಸಾವಿರ ಮೀಟರನ್ನು 26 ನಿಮಿಷ 11 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದವರು. ನಮ್ಮ ಗುಂಪಿನ ಗಣಿತದ ಮೇಷ್ಟ್ರು ಇದನ್ನು ವಿವರಿಸಿದಾಗ ಹೂವಿನಕ್ಕ ಕೇಳಿದ್ದು ಒಂದೇ ಮಾತು: "ಅವ್ರೂ ಇದೇ ರೋಡಲ್ಲೇ ಓಡಿದ್ದಾ?" ಹೌದು ಅಂದೆವು. "ಹಂಗಾದ್ರೆ ಬರ್ಕೊಳಮ್ಮ." ಬರೆದುಕೊಂಡೆ.

ಮೂರನೆಯದು ಬರೆಯುವಾಗ ಕೈ ಹಿಂಜರಿಯಿತು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ ಒಬ್ಬ ಎಲೆಕ್ಟ್ರಿಷಿಯನ್. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್‌ಗೆ ಪೂರ್ತಿ ದೂರಕ್ಕೆ ಹೆಸರು ಕೊಟ್ಟಿದ್ದ. ಕಾಲುವೆ ಏರಿಯ ಮಣ್ಣು ದಾರಿ, ಎರಡೂ ಕಡೆ ಗದ್ದೆ, ಕಬ್ಬು. ನೋಡಲು ತಂಪು. ಹೊತ್ತೇರಿದ ಮೇಲೆ ನೆರಳೇ ಇಲ್ಲ. ಅವನು ಮೂರು ವಾರದಲ್ಲಿ ವಾರದ ಓಟವನ್ನು 40 ಕಿಲೋಮೀಟರಿನಿಂದ 70ಕ್ಕೆ ಏರಿಸಿದ್ದ. ಕೋಚ್ ಸರ್ ಬೇಡ ಅಂದಿದ್ದರು. ಮಂಡಿಯ ಹೊರಗಿನ ಪಕ್ಕದಲ್ಲಿ ನೋವು ಶುರುವಾಗಿ, 31ನೇ ಕಿಲೋಮೀಟರಿನಲ್ಲಿ ಕಾಲು ಮಡಚಲು ಆಗದೆ ಕೂತುಬಿಟ್ಟ. ಗೊಬ್ಬರದ ಮೂಟೆ ಸಾಗಿಸುತ್ತಿದ್ದ ರೈತರೊಬ್ಬರು ಮೂಟೆಯ ಮೇಲೆಯೇ ಕೂರಿಸಿಕೊಂಡು ಟಿವಿಎಸ್‌ನಲ್ಲಿ ವಾಪಸ್ಸು ತಂದು ಬಿಟ್ಟರು. "ಅಕ್ಕಾ, ಇದನ್ನ ಬರೀಬೇಡಿ" ಅಂದ. ನಾನು ಬರೆದೆ. 'ಡಿಎನ್‌ಎಫ್. ಷರಾ: 31ರಿಂದ ಟಿವಿಎಸ್.' ಡಿಎನ್‌ಎಫ್ ಅಂದರೆ ರೇಸು ಮುಗಿಸಲಿಲ್ಲ ಅಂತ. ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬರೆದದ್ದು ಸರಿ ಅಂತಲೇ ಈಗಲೂ ಅನಿಸುತ್ತದೆ. ಟಿವಿಎಸ್ ಅಂತ ಬರೆಯಬಾರದಿತ್ತೇನೋ.

ಇನ್ನು ನನ್ನ ಸರದಿ.

ನಮ್ಮೂರಿನಲ್ಲೇ ಚಳಿಗಾಲದಲ್ಲಿ ಒಂದು ಹಾಫ್ ಮ್ಯಾರಥಾನ್ ಇತ್ತು, 21.1 ಕಿಲೋಮೀಟರು. ಮಳೆಗಾಲದ ಒಂದು ಬೆಳಿಗ್ಗೆ ಕೋಚ್ ಸರ್ ಕರೆದು, "ಈ ಸಲ ನೀವು ಪೇಸರ್ ಆಗಿ" ಅಂದರು. ಪೇಸರ್ ಅಂದರೆ ಬೆನ್ನಿಗೆ ಬಾವುಟ ಕಟ್ಟಿಕೊಂಡು ಓಡುವವರು. ಬಾವುಟದ ಮೇಲೆ 2:30 ಅಂತ ಇದ್ದರೆ, ಎರಡೂವರೆ ಗಂಟೆಗೆ ಸರಿಯಾಗಿ ಮುಗಿಸುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಆ ಹೊತ್ತಿಗೆ ಮುಗಿಸಬೇಕು ಅನ್ನುವವರು ಸುಮ್ನೆ ನಮ್ಮ ಹಿಂದೆ ಓಡಿದರಾಯಿತು, ಲೆಕ್ಕ ಎಲ್ಲ ನಮ್ಮದು. ಓಡುವವರ ಭಾಷೆಯಲ್ಲಿ ಇದಕ್ಕೆ 'ಬಸ್' ಅಂತಾರೆ. ನನ್ನದು ಎರಡೂವರೆ ಗಂಟೆಯ ಬಸ್ಸು.

ನನ್ನ ಬೆಸ್ಟು 2 ಗಂಟೆ 11 ನಿಮಿಷ. ಪೇಸರ್ ಆಗುವವರು ತಮ್ಮ ಬೆಸ್ಟಿಗಿಂತ ಹದಿನೈದು ಇಪ್ಪತ್ತು ನಿಮಿಷ ನಿಧಾನದ ಬಸ್ಸನ್ನೇ ಒಪ್ಪಿಕೊಳ್ಳಬೇಕು. ಓಡುತ್ತಲೇ ಮಾತಾಡಬೇಕು, ಹುರಿದುಂಬಿಸಬೇಕು, ತಲೆ ತಣ್ಣಗಿರಬೇಕು, ಅದಕ್ಕೆ. ನಿಧಾನ ತಾನೇ, ಏನು ಕಷ್ಟ ಅಂದುಕೊಂಡಿದ್ದೆ. ಆದರೆ ನಿಧಾನ ಓಡುವುದು ಬೇರೆಯದೇ ವಿದ್ಯೆ.

ಲೆಕ್ಕ ಹೀಗೆ. 150 ನಿಮಿಷವನ್ನು 21.1ರಿಂದ ಭಾಗಿಸಿದರೆ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡು ಚಿಲ್ಲರೆ. ಆದರೆ ರಸ್ತೆಯಲ್ಲಿ ಯಾರೂ ಅಳತೆಯ ಗೆರೆ ಹಿಡಿದು ಓಡುವುದಿಲ್ಲ. ತಿರುವಿನಲ್ಲಿ ಹೊರಗೆ ಹೋಗುತ್ತೀವಿ, ಜನರನ್ನು ಸುತ್ತಿ ದಾಟುತ್ತೀವಿ, ನೀರಿಗೆ ಅಂತ ಪಕ್ಕಕ್ಕೆ ಸರಿಯುತ್ತೀವಿ. ಕೈಯ ವಾಚಿನ ಜಿಪಿಎಸ್ ಮುಗಿಸುವ ಹೊತ್ತಿಗೆ 21.3 ಅಥವಾ 21.4 ತೋರಿಸುತ್ತದೆ. ಅಂದರೆ ವಾಚಿನಲ್ಲಿ ಸರಾಸರಿ 7:02 ಇರಬೇಕು. ನೀರಿನ ಟೇಬಲ್ಲಿನ ಹತ್ತಿರ ಬಸ್ಸಿನವರೆಲ್ಲ ಇಪ್ಪತ್ತು ಸೆಕೆಂಡು ನಡೆದು ನೀರು ಕುಡಿಯಬೇಕು ಅಂದರೆ, ಓಡುವಾಗ 6:55ರ ಸುತ್ತ ಇರಬೇಕು. ಇದನ್ನೆಲ್ಲ ಮಾಡಿದ್ದು ನಮ್ಮ ಗಣಿತದ ಮೇಷ್ಟ್ರು. ನನ್ನ ಜೊತೆಯ ಪೇಸರ್ ಅವರೇ. ಒಂದು ಬಸ್ಸಿಗೆ ಇಬ್ಬರು ಇರುವುದು ಒಳ್ಳೆಯದು, ಒಬ್ಬರಿಗೆ ಹೊಟ್ಟೆ ಕೆಟ್ಟರೆ ಇನ್ನೊಬ್ಬರು ಇರುತ್ತಾರೆ. "ನೀವು ಡ್ರೈವರ್ರು ಮೇಡಂ, ನಾನು ಕಂಡಕ್ಟರ್ರು" ಅಂತ ಅವರೇ ತೀರ್ಮಾನ ಮಾಡಿದರು.

ಕೋಚ್ ಸರ್ ಮಂಗಳವಾರ ಟ್ರ್ಯಾಕಿನಲ್ಲಿ ನನ್ನ ವಾಚು ಬಿಚ್ಚಿಸಿ ಜೇಬಿಗೆ ಹಾಕಿಕೊಂಡರು. ನಾನೂರು ಮೀಟರಿನ ಒಂದು ಸುತ್ತನ್ನು 2 ನಿಮಿಷ 50 ಸೆಕೆಂಡಿಗೆ ಮುಗಿಸಬೇಕು, ಗಡಿಯಾರ ನೋಡದೆ. ಮೊದಲ ಸುತ್ತು 2:31. ಎರಡನೆಯದು ಭಯಪಟ್ಟು ನಿಧಾನ ಮಾಡಿ 3:04. "ಮೇಡಂ, ನೀವು ಒಂದ್ಸಲ ಆಟೋ, ಒಂದ್ಸಲ ಎತ್ತಿನ ಗಾಡಿ" ಅಂದರು. ಎರಡು ತಿಂಗಳು ಪ್ರತಿ ಮಂಗಳವಾರ ಇದೇ ಕೆಲಸ. ಮೊದಮೊದಲು ಅಷ್ಟು ನಿಧಾನಕ್ಕೆ ಕಾಲು ಒಪ್ಪುತ್ತಲೇ ಇರಲಿಲ್ಲ. ಹೆಜ್ಜೆ ಉದ್ದ ಮಾಡಿ ಎಳೆದುಕೊಂಡು ಓಡಿ ಸೊಂಟ ನೋಯಿಸಿಕೊಂಡೆ. ಹೆಜ್ಜೆ ಚಿಕ್ಕದಾಗಬೇಕು, ಆದರೆ ಬೇಗ ಬೇಗ ಬೀಳಬೇಕು ಅಂತ ತಿಳಿಯಲು ಮೂರು ವಾರ ಬೇಕಾಯಿತು. ಆಮೇಲೆ ಉಸಿರಿನಲ್ಲಿ ಲೆಕ್ಕ ಸಿಕ್ಕಿತು. ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ನಾಲ್ಕಕ್ಕೆ ಹೊರಗೆ, ಅದು ಸಲೀಸಾಗಿ ಸಾಗುತ್ತಿದ್ದರೆ ಅದೇ ನನ್ನ ಏಳು ನಿಮಿಷ. ಒಂದು ದಿನ ಎಂಟು ಸುತ್ತು ಓಡಿದೆ. ಎಲ್ಲವೂ 2:48ರಿಂದ 2:53ರ ಒಳಗೆ. ಸರ್ ಏನೂ ಹೇಳದೆ ವಾಚು ವಾಪಸ್ಸು ಕೊಟ್ಟರು.

ಅಷ್ಟರಲ್ಲಿ ಹೂವಿನಕ್ಕನೂ ಹೆಸರು ಕೊಟ್ಟಿದ್ದರು. "ನಿನ್ ಬಸ್ಸಲ್ಲೇ ಬರ್ತೀನಿ. ಎರಡೂವರೆ ಅಂದ್ರೆ ಎರಡೂವರೆ." ಭಾನುವಾರಗಳಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜೊತೆಗೆ ಓಡಿದೆವು. ಮೊದಲು ಹನ್ನೆರಡು ಕಿಲೋಮೀಟರು, ಆಮೇಲೆ ಹದಿನಾಲ್ಕು, ಒಂದೇ ಒಂದು ಸಲ ಹದಿನೆಂಟು. ವಾಕಿಂಗಿಗೆ ಬಂದವರು ಸಾಲಾಗಿ ದಾರಿ ತುಂಬ ನಡೆಯುತ್ತಾರೆ. ಅವರನ್ನು "ಸ್ವಲ್ಪ ಸಾರ್, ಸ್ವಲ್ಪ ಅಮ್ಮ" ಅಂತ ದಾಟುವುದೇ ಒಂದು ಅಭ್ಯಾಸ. ಓಡುವಾಗ ಶಕ್ತಿಗೆ ಅಂತ ಕೆಲವರು ತಿನ್ನುವ ಜೆಲ್ಲು ಗಿಲ್ಲು ಹೂವಿನಕ್ಕ ಮುಟ್ಟುವುದಿಲ್ಲ, ಬೆಲ್ಲದ ಅಚ್ಚು ಒಡೆದು ಸೆರಗಿನ ಗಂಟಿನ ಹಾಗೆ ದುಪಟ್ಟಾದ ತುದಿಗೆ ಕಟ್ಟಿಕೊಂಡಿರುತ್ತಾರೆ. ನಾನೊಂದು ದಿನ, ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಬಂದದ್ದೇ 1984ರಲ್ಲಿ, ನಾನು ಹುಟ್ಟಿದ ವರ್ಷ ಅಂತ ಹೇಳಿದೆ. ಅಲ್ಲೀ ತನಕ ಯಾಕೆ ಇರಲಿಲ್ಲ ಅಂತ ಕೇಳಿದರು. ಅಷ್ಟು ದೂರ ಹೆಂಗಸರ ಕೈಲಿ ಆಗಲ್ಲ ಅಂದುಕೊಂಡಿದ್ದರು ಅಂದೆ. ಅವರು ಓಡುತ್ತಲೇ ನಕ್ಕರು. "ಮಾರ್ಕೆಟ್ಟಿಗೆ ಬಂದಿರ್ಲಿಲ್ಲ ಅನ್ಸುತ್ತೆ."

ರೇಸಿನ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ನನ್ನ ರೇಸಿಗೆ ಹೀಗೆ ಆಗಿದ್ದಿಲ್ಲ. ಎಡಗೈ ಮೇಲೆ ಬಾಲ್‌ಪೆನ್ನಿನಿಂದ ಬರೆದುಕೊಂಡೆ: 5ಕ್ಕೆ 35:33, 10ಕ್ಕೆ 1:11:06, 15ಕ್ಕೆ 1:46:39, 20ಕ್ಕೆ 2:22:12. ಬೆಳಿಗ್ಗೆ ನಾಲ್ಕಕ್ಕೆ ರಾಗಿ ಅಂಬಲಿ ಕುಡಿದು ಓವಲ್ ಮೈದಾನಕ್ಕೆ ಹೋದೆ. ಬಾವುಟದ ಕೋಲನ್ನು ಬೆನ್ನಿನ ಪಟ್ಟಿಗೆ ಸಿಕ್ಕಿಸಿದರು. ಗಾಳಿಗೆ ಅದು ಹಿಂದಕ್ಕೆ ಎಳೆಯುತ್ತದೆ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ನಿಂತ ಕೂಡಲೇ ಜನ ಸೇರಿದರು. "ಎರಡೂವರೆ ಗ್ಯಾರಂಟಿನಾ ಮೇಡಂ?" "ನಡಿಯಕ್ಕೆ ಬಿಡ್ತೀರಾ?" "ನನ್ನ ಹೆಂಡತಿ ಹಿಂದೆ ಇದಾಳೆ, ಸ್ವಲ್ಪ ಕಾಯ್ತೀರಾ?" ಮೇಷ್ಟ್ರು ತಲೆ ಎಣಿಸಿದರು. ಇಪ್ಪತ್ತಮೂರು.

ಹೊರಟೆವು. ಮೇಷ್ಟ್ರು ಹಿಂದಿನಿಂದ "ರೈಟ್, ರೈಟ್" ಅಂತ ಕೂಗಿದರು. ಮೊದಲ ಎರಡು ಕಿಲೋಮೀಟರು ನಮ್ಮನ್ನು ಎಲ್ಲರೂ ದಾಟಿ ಹೋದರು. ಬಸ್ಸಿನವರಿಗೂ ಚಡಪಡಿಕೆ, ನನಗೂ. ಕತ್ತಲೆಯಲ್ಲಿ ಅರಮನೆ ದಾಟಿ, ಹಾರ್ಡಿಂಜ್ ಸರ್ಕಲ್ ಕಳೆದು, ಲಲಿತಮಹಲ್ ಕಡೆಗೆ. ಆ ರಸ್ತೆ ಸ್ಕೂಟರಿನಲ್ಲಿ ಸಪಾಟು, ಕಾಲಿಗೆ ಏರು. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿಸಿ, "ಟೈಮ್ ಬಿಡಿ, ಉಸಿರು ನೋಡ್ಕೊಳ್ಳಿ" ಅಂದೆ. ಮೊದಲು ನಮ್ಮನ್ನು ದಾಟಿ ಹೋದವರಲ್ಲಿ ಕೆಲವರು ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಮೇಷ್ಟ್ರು ಬಿಡಲಿಲ್ಲ. "ಬನ್ನಿ ಸಾರ್, ಸೀಟ್ ಖಾಲಿ ಇದೆ!" ಇಬ್ಬರು ಹತ್ತಿದರು. 5ಕ್ಕೆ 35:20, 10ಕ್ಕೆ 1:10:50. ಹದಿನಾರು ಸೆಕೆಂಡು ಕೈಯಲ್ಲಿ.

ಹತ್ತಾದ ಮೇಲೆ ಬಸ್ಸಿನಲ್ಲಿ ಪರಿಚಯ ಆಗುತ್ತದೆ. ಒಬ್ಬರು ಸಕ್ಕರೆ ಕಾಯಿಲೆ ಗೊತ್ತಾದ ಮೇಲೆ ಶುರು ಮಾಡಿದವರು. ಒಬ್ಬ ಹುಡುಗಿ ಇಂಜಿನಿಯರಿಂಗ್ ಓದುತ್ತಿರುವವಳು, ಅಪ್ಪನ ಜೊತೆ ಐನೂರು ರೂಪಾಯಿ ಪಂದ್ಯ ಕಟ್ಟಿದ್ದಳು. ಹೂವಿನಕ್ಕ ನನ್ನ ಬಲಕ್ಕೆ, ಒಂದು ಮಾತೂ ಇಲ್ಲದೆ.

14ನೇ ಕಿಲೋಮೀಟರಿನ ಬೋರ್ಡು ಬಂತು. ವಾಚು ನೋಡಿದರೆ 1:36:40. ಆಗಬೇಕಾದದ್ದು 1:39:32. ಎದೆ ಧಸಕ್ ಅಂತು. ಮೂರು ನಿಮಿಷ ಮುಂದೆ! ಬಸ್ಸಿನಲ್ಲೂ ಗದ್ದಲ. "ಮೇಡಂ, ಸ್ಪೀಡ್ ಜಾಸ್ತಿ ಆಯ್ತು, ಒಂದ್ನಿಮಿಷ ನಡಿಯೋಣ." ನಡೆಯೋಣ ಅಂತ ನಾಲ್ಕು ಜನ ಆಗಲೇ ನಿಧಾನ ಮಾಡಿದ್ದರು. ನಾನು ಉಸಿರು ಎಣಿಸಿದೆ. ನಾಲ್ಕು ಒಳಗೆ, ನಾಲ್ಕು ಹೊರಗೆ. ಕಾಲು ಮಂಗಳವಾರದ ಕಾಲೇ, ಬದಲಾಗಿರಲಿಲ್ಲ. ವಾಚಿನಲ್ಲಿ ದೂರವೂ 13.7 ಇತ್ತು. ಬೋರ್ಡನ್ನೇ ಮುಂಚೆ ನೆಟ್ಟಿದ್ದಾರೆ, ಹೀಗೇ ಬನ್ನಿ ಅಂದೆ. ಮೇಷ್ಟ್ರು ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ "ಹೋಲ್ಡಾನ್ ಇಲ್ಲ! ರೈಟ್!" ಅಂದರು. 15ರ ಬೋರ್ಡಿನ ಹತ್ತಿರ 1:46:28. ಸರಿಯಾಗಿತ್ತು. ಯಾರೂ ಏನೂ ಹೇಳಲಿಲ್ಲ, ನನಗೆ ಮಾತ್ರ ಮೆಡಲ್ ಆಗಲೇ ಸಿಕ್ಕ ಹಾಗಾಯಿತು.

ಅಲ್ಲಿನ ಟೇಬಲ್ಲಿನಲ್ಲಿ ನೀರು ಖಾಲಿ. ಲೋಟಗಳಿದ್ದವು, ನೀರಿರಲಿಲ್ಲ. ಏಳೂವರೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಬೋರ್ಡು ತಪ್ಪಿದ್ದನ್ನು ಕ್ಷಮಿಸಬಹುದು, ನೀರಿನ ವಿಷಯ ನಾನು ಕ್ಷಮಿಸಿಲ್ಲ. ಅಷ್ಟು ದುಡ್ಡು ತೆಗೆದುಕೊಳ್ಳುವಾಗ ಎಷ್ಟು ಜನ ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತಲ್ವಾ? ನಮ್ಮನ್ನು ಕಾಪಾಡಿದ್ದು ಎಲೆಕ್ಟ್ರಿಷಿಯನ್ ಹುಡುಗ. ಮಂಡಿ ಪೂರ್ತಿ ವಾಸಿಯಾಗಿರಲಿಲ್ಲ. ಸೈಕಲ್ಲಿನಲ್ಲಿ ಬಂದಿದ್ದ. ಸಂಗತಿ ನೋಡಿದವನೇ ಹೋಗಿ, ಯಾವುದೋ ಟೀ ಅಂಗಡಿಯಿಂದ ಎರಡು ಬಿಂದಿಗೆ ಕ್ಯಾರಿಯರ್‌ಗೆ ಕಟ್ಟಿಸಿಕೊಂಡು ಬಂದು ನಮ್ಮ ಮುಂದೆ ಅರ್ಧ ಕಿಲೋಮೀಟರಿನಲ್ಲಿ ನಿಂತಿದ್ದ. ಉಪ್ಪು, ನಿಂಬೆಹಣ್ಣೂ ತಂದಿದ್ದ. "ಅಕ್ಕಾ, ಇದನ್ನ ಬರ್ಕೊಳ್ಳಿ" ಅಂದ. ತಿಂಗಳುಗಳ ಮೇಲೆ ನನ್ನ ಜೊತೆ ನಕ್ಕಿದ್ದ.

17ರ ಹೊತ್ತಿಗೆ ಬಸ್ಸು ಖಾಲಿಯಾಗತೊಡಗಿತು. ಸಕ್ಕರೆ ಕಾಯಿಲೆಯವರು ಮುಂದಕ್ಕೆ ಹೋಗಿದ್ದರು, ಅದು ಸಂತೋಷ. ಉಳಿದವರು ಹಿಂದಕ್ಕೆ. 18ರ ಹತ್ತಿರ ಬಲಗಡೆ ಹೆಜ್ಜೆಯ ಸದ್ದು ಕಡಿಮೆ ಆಯಿತು. ಹೂವಿನಕ್ಕ ಹತ್ತು ಅಡಿ ಹಿಂದೆ, ಹೊಟ್ಟೆ ಹಿಡಿದುಕೊಂಡು. ನಾನು ತಿರುಗಿ ನೋಡಿ ನಿಧಾನ ಮಾಡಿದೆ.

ಪೇಸರ್‌ಗೆ ಒಂದು ನಿಯಮ ಇದೆ, ಕಾಯುವ ಹಾಗಿಲ್ಲ. ಒಬ್ಬರಿಗೆ ಅಂತ ನಿಂತರೆ ನಮ್ಮನ್ನು ನಂಬಿದ ಉಳಿದವರ ಎರಡೂವರೆ ಹೋಗುತ್ತದೆ. ಕೋಚ್ ಸರ್ ಇದನ್ನು ಹತ್ತು ಸಲ ಹೇಳಿದ್ದರು, ಪ್ರತಿ ಸಲವೂ ತಲೆಯಾಡಿಸಿದ್ದೆ. ಬೇರೆಯವರು ಹಿಂದೆ ಬಿದ್ದಾಗ ತಿರುಗಿಯೂ ನೋಡಿರಲಿಲ್ಲ. ಈಗ ಕಾಲು ಮುಂದಕ್ಕೆ ಹೋಗಲು ಒಪ್ಪಲಿಲ್ಲ.

"ನೀನ್ ಹೋಗಮ್ಮ" ಅಂದರು. "ನಂಗೆ ಗೊತ್ತು ದಾರಿ."

ಹೋದೆ. ಕೊನೆಯ ಮೂರು ಕಿಲೋಮೀಟರು ನನಗೆ ಸರಿಯಾಗಿ ನೆನಪಿಲ್ಲ. ಮೇಷ್ಟ್ರು ಮಗ್ಗಿ ಹೇಳಿಸಿದರು ಅನ್ನುವುದು ನೆನಪಿದೆ. ಹದಿನೇಳರ ಮಗ್ಗಿ, ಬಸ್ಸಿನವರೆಲ್ಲ ತಪ್ಪು ಹೇಳಿ ನಗುತ್ತಿದ್ದರು. ಮೈದಾನ ಕಂಡಾಗ ಕೈಲಾಗುವವರನ್ನೆಲ್ಲ "ಇಳೀರಿ, ಓಡಿ" ಅಂತ ಮುಂದಕ್ಕೆ ಕಳಿಸಿದೆವು. ಪಂದ್ಯ ಕಟ್ಟಿದ್ದ ಹುಡುಗಿ ಹೋಗಲಿಲ್ಲ, ನನ್ನ ಬಾವುಟದ ತುದಿ ಹಿಡಿದುಕೊಂಡೇ ಬಂದಳು. ಗೆರೆ ದಾಟಿದಾಗ 2:29:41. ಹೊರಟವರಲ್ಲಿ ನಮ್ಮ ಜೊತೆ ಅಥವಾ ನಮಗಿಂತ ಮುಂಚೆ ಬಂದವರು ಹನ್ನೊಂದು ಜನ, ನಡುವೆ ಹತ್ತಿದವರಲ್ಲಿ ಒಬ್ಬರು. ಯಾರೋ ಗುರುತಿಲ್ಲದ ಹೆಂಗಸು ನನ್ನನ್ನು ತಬ್ಬಿಕೊಂಡು ಅತ್ತರು. ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ ಇದ್ದರಂತೆ, ನಾನು ಅವರ ಮುಖವನ್ನೇ ನೋಡಿರಲಿಲ್ಲ.

ಬಾವುಟ ಕಿತ್ತು ಮೇಷ್ಟ್ರ ಕೈಗೆ ಕೊಟ್ಟು ವಾಪಸ್ಸು ಓಡಿದೆ. ಆರುನೂರು ಮೀಟರು ಹೋದ ಮೇಲೆ ಸಿಕ್ಕರು. ದುಪಟ್ಟಾ ತಲೆಗೆ ಸುತ್ತಿಕೊಂಡಿದ್ದರು. ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ಹುಡುಗ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ, ಕ್ಯಾರಿಯರ್ ಮೇಲೆ ಖಾಲಿ ಬಿಂದಿಗೆ. ಕೂತ್ಕೊಳ್ಳಿ ಅಂತ ಅವನು ಹೇಳಿದನಂತೆ. ಇವರು ಬೈದರಂತೆ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಬೆಲ್ಲ ತಿಂತೀಯಾ?" ಅಂದರು. ಗಂಟು ಬಿಚ್ಚಿ ಕೊಟ್ಟರು, ಬೆವರಿಗೆ ಅರ್ಧ ಕರಗಿತ್ತು. ಮೂವರೂ ಒಟ್ಟಿಗೆ ಮೈದಾನದೊಳಗೆ ಹೋದೆವು. ಗಡಿಯಾರದಲ್ಲಿ 2:38 ಚಿಲ್ಲರೆ.

ಆಮೇಲೆ ಕಾಫಿ, ಇಡ್ಲಿ, ಕೇಸರಿಬಾತು. ಎಲ್ಲರೂ ಮೆಡಲ್ ಕುತ್ತಿಗೆಗೆ ಹಾಕಿಕೊಂಡೇ ಹೋಟೆಲಿನಲ್ಲಿ ಕೂತಿದ್ದೆವು. ನಾನು ಚೀಲದಿಂದ ಪುಸ್ತಕ ತೆಗೆದೆ. ನನ್ನ ಸಾಲು ಮೊದಲು ಬರೆದೆ. ಇದು ನನ್ನ ಬೆಸ್ಟಿಗಿಂತ ಹದಿನೆಂಟು ನಿಮಿಷ ಜಾಸ್ತಿ, ಹಾಗಾಗಿ ಷರಾದಲ್ಲಿ 'ಡ್ರೈವರ್' ಅಂತ ಹಾಕಿದೆ. ಎಲೆಕ್ಟ್ರಿಷಿಯನ್ ಹುಡುಗನ ಹೆಸರಿನ ಮುಂದೆ ದೂರ ಇಲ್ಲ, ಸಮಯ ಇಲ್ಲ, ಷರಾ ಮಾತ್ರ: 'ಬಿಂದಿಗೆ 2.' ಅವನು ಬಗ್ಗಿ ನೋಡಿ, ನಿಂಬೆಹಣ್ಣೂ ಹಾಕಿ ಅಂದ. ಹಾಕಿದೆ.

ಹೂವಿನಕ್ಕನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದೆ. ಏನು ಬರೀಲಿ ಅಂತ ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ಬಸ್ ತಪ್ಪಿತು. ನಡ್ಕೊಂಡ್ ಬಂದೆ. ಹಂಗೇ ಬರಿ."

ಹಾಗೇ ಬರೆದೆ. ಮಧ್ಯಾಹ್ನಕ್ಕೆ ಮದುವೆ ಮನೆಯೊಂದಕ್ಕೆ ಹಾರ ಕೊಡಬೇಕು, ಮಗಳೊಬ್ಬಳೇ ಕಟ್ಟುತ್ತಾ ಕೂತಿರುತ್ತಾಳೆ ಅಂತ ಎದ್ದರು. ಮೆಡಲ್ ತೆಗೆಯದೆ ಹಾಗೇ ಆಟೋ ಹತ್ತಿದರು.